ಮಳವಳ್ಳಿಯಲ್ಲಿ ಬದುಕಿದ ಮಗು

ಮದ್ದೂರು
9 ಜೂನ್ 2025

ಮಜೀದ್ ಸಾಹೇಬರಿಗೆ ನಮಸ್ಕಾರ.

ನನ್ನ ಹೆಸರು ಅರ್ಪಿತ. ನೀವು ನನ್ನನ್ನು ನೋಡಿಲ್ಲ. ನಮ್ಮ ಅಜ್ಜಿ ಮಂಗಳಮ್ಮನನ್ನು ನೋಡಿರಬಹುದು, ಅದೂ ಪ್ರೊಜೆಕ್ಟರ್ ಕಿಂಡಿಯಿಂದ, ನೂರಾರು ತಲೆಗಳ ನಡುವೆ ಒಂದು ತಲೆಯಾಗಿ. ಮಳವಳ್ಳಿಯ ಟೂರಿಂಗ್ ಟಾಕೀಸಿನಲ್ಲಿ ನೀವು ಆಪರೇಟರ್ ಆಗಿದ್ದಾಗ ಆಕೆ ದೆವ್ವದ ಸಿನಿಮಾ ಒಂದನ್ನೂ ಬಿಟ್ಟವಳಲ್ಲವಂತೆ.

ನಿಮ್ಮ ಮಗ ನಾಸಿರ್ ಅವರ ಗ್ಯಾರೇಜಿಗೆ ಫೋನ್ ಮಾಡಿದ್ದೆ. “ಅಬ್ಬಾಗೆ ಕಿವಿ ಕೇಳ್ಸಲ್ಲ ಮೇಡಂ, ಫೋನ್ ಮುಟ್ಟಲ್ಲ. ಕಾಗ್ದ ಬರುದ್ರೆ ಓದ್ತಾರೆ” ಅಂದರು. ಅದಕ್ಕೇ ಈ ಪತ್ರ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ರಜೆ ಕೋರಿ ಬರೆದದ್ದು ಬಿಟ್ಟರೆ ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಕ್ಷಮಿಸಿ.

ನಾನು ಸೋಮನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ದೆವ್ವದ ಸಿನಿಮಾ ನೋಡುತ್ತೇನೆ. ಕೊರಿಯಾದ್ದು, ಥಾಯ್ಲೆಂಡಿನದು, ಇಂಡೊನೇಷ್ಯಾದ್ದು, ಯಾವುದಾದರೂ ಸರಿ. ರಕ್ತ ಇರಬೇಕು, ಕತ್ತು ತಿರುಗಬೇಕು, ಪಕ್ಕದಲ್ಲಿ ಕೂತವರು ನನ್ನನ್ನು ನೋಡಿ ಸೀಟು ಬದಲಾಯಿಸಬೇಕು. ಅಜ್ಜಿಗೆ ಇವೆಲ್ಲ ಕಸಾಯಿಖಾನೆಯಂತೆ. ಅವಳ ಪ್ರಕಾರ ಲೋಕದಲ್ಲಿ ದೆವ್ವದ ಸಿನಿಮಾ ಅಂದರೆ ಒಂದೇ: 1988ರಲ್ಲಿ ನಿಮ್ಮ ಟಾಕೀಸಿನಲ್ಲಿ ನೋಡಿದ “ಹನ್ನೆರಡನೇ ತೊಟ್ಟಿಲು.”

ಆ ಕಥೆ ಕೇಳಿ ಕೇಳಿ ನನಗೂ ಬಾಯಿಪಾಠ. ಬಾಣಂತನದಲ್ಲಿ ಸತ್ತ ಹೆಂಗಸೊಬ್ಬಳು ದೆವ್ವವಾಗಿ, ಒಂದೇ ಬಂಗಲೆಯಲ್ಲಿ ಹನ್ನೊಂದು ತೊಟ್ಟಿಲಿನ ಮಕ್ಕಳನ್ನು ಒಯ್ಯುತ್ತಾಳೆ. ಹನ್ನೆರಡನೆಯದರ ಹತ್ತಿರ ಬಂದಾಗ ಮಗು ನಗುತ್ತದೆ, ದೆವ್ವ ಸೋತು ಹೋಗುತ್ತದೆ, ಜೋಗುಳದ ಒಂದೇ ಸಾಲು ಕೇಳಿಸಿ ತಟ್ಟನೆ ನಿಂತು “ಶುಭಂ” ಅಂತ ಬರುತ್ತದೆ.

ಹೋದ ತಿಂಗಳು ಆ ಸಿನಿಮಾ ನನಗೆ ಮೊಬೈಲಿನಲ್ಲಿ ಸಿಕ್ಕಿತು. ಅದರಲ್ಲಿ ಮಗು ನಗುವುದಿಲ್ಲ. ಒಂದು ಕೈ ಬರುತ್ತದೆ, ಭಯಂಕರ ಕಿರುಚು, ಬರಿದಾದ ತೊಟ್ಟಿಲು ತೂಗುತ್ತದೆ. ಮುಗಿಯಿತು. ಜೋಗುಳವಿಲ್ಲ.

ಗೆದ್ದೆ ಅಂತ ಬೀಗಿಕೊಂಡು ಮನೆಮಂದಿಯ ಎದುರಿಗೇ ಅದನ್ನು ಅಜ್ಜಿಗೆ ತೋರಿಸಿದೆ. ಅದೇ ನಾನು ಮಾಡಿದ ತಪ್ಪು. ಅಜ್ಜಿ “ಇದು ಬೇರೆ ಸಿನ್ಮಾ ಕಣಮ್ಮಿ. ಮಗ ನಗ್ತಿತ್ತು, ನಾ ಕಣ್ಣಾರೆ ನೋಡಿವ್ನಿ” ಅಂದಳು. ಅಪ್ಪ ನನ್ನ ಮುಖ ನೋಡಿದರು. ಈಚೆಗೆ ಎರಡು ಸಲ ಹಾಲು ಉಕ್ಕಿಸಿದ್ದಾಳೆ, ಒಮ್ಮೆ ಬೀಗದ ಕೈ ಎಲ್ಲಿಟ್ಟೆ ಅಂತ ಮರೆತಿದ್ದಾಳೆ. ಈಗ ಇದೂ ಸೇರಿ, ಅವ್ವನಿಗೆ ಮರೆವಿನ ಕಾಯಿಲೆ ಬಂದಿದೆ ಅಂತ ಅಪ್ಪ ತೀರ್ಮಾನ ಮಾಡಿಬಿಟ್ಟಿದ್ದಾರೆ. ಅಜ್ಜಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಆ ಸಿನಿಮಾ ಓಡಿಸಿದವರು ನೀವು. ಕೊನೆಯಲ್ಲಿ ಏನಿತ್ತು?

ಇಂತಿ,
ಅರ್ಪಿತ ನಾಗರಾಜು


ಮಳವಳ್ಳಿ
20 ಜೂನ್ 2025

ಅರ್ಪಿತಮ್ಮನಿಗೆ ಮಜೀದನ ದುವಾ.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಅಕ್ಷರ ದುಂಡಗಿದೆ. ಕನ್ನಡಕ ಇಲ್ಲದೆಯೂ ಓದಿದೆ.

ನನ್ನ ಕಿವಿ ಹೋದದ್ದು ಪ್ರೊಜೆಕ್ಟರಿನ ಪಕ್ಕ ಇಪ್ಪತ್ತೊಂಬತ್ತು ವರ್ಷ ನಿಂತದ್ದಕ್ಕೆ. ನಾಸಿರ್ ಒಂದು ಕಿವಿ ಮಿಷಿನ್ನು ತಂದುಕೊಟ್ಟಿದ್ದಾನೆ. ಅದು ಕುಯ್ಯೋ ಅನ್ನುತ್ತದೆ ಅಂತ ಡಬ್ಬಿಯಲ್ಲೇ ಇಟ್ಟಿದ್ದೇನೆ. ನನಗೆ ಕೇಳಬೇಕಾದದ್ದೇನೂ ಉಳಿದಿಲ್ಲ.

ನಿಮ್ಮ ಕಾಲದ ದೆವ್ವಗಳನ್ನು ನಾನೂ ನೋಡಿದ್ದೇನೆ. ನನ್ನ ಮೊಮ್ಮಗಳು ಆಲಿಯಾ ನೋಡುವಾಗ ಹಿಂದೆ ನಿಂತು ಇಣುಕಿದ್ದೆ. ಬಂದ ಐದು ನಿಮಿಷಕ್ಕೇ ದೆವ್ವ ಬಾಯಿ ತೆರೆದು ಹಲ್ಲು, ನಾಲಿಗೆ, ಕರುಳು ಎಲ್ಲ ತೋರಿಸಿಬಿಡುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಬಂದಿದೆಯೇನೋ ಅನ್ನಿಸಿತು. ದೆವ್ವಕ್ಕೂ ಒಂದು ಗತ್ತು ಬೇಡವೇ? ನಮ್ಮ ಕಾಲದಲ್ಲಿ ಒಂದು ಬಾಗಿಲು ತೋರಿಸುತ್ತಿದ್ದರು. ಮುಚ್ಚಿದ ಬಾಗಿಲು. ಒಂದು ನಿಮಿಷ ಅದನ್ನೇ ತೋರಿಸುತ್ತಿದ್ದರು. ಜನ ತಾವೇ ಒಳಗೆ ಏನಿದೆ ಅಂತ ಕಟ್ಟಿಕೊಂಡು ನಡುಗುತ್ತಿದ್ದರು. ಹೆದರಿಸುವುದು ಅಂದರೆ ಕಾಯಿಸುವುದು. ನೀವು ಕಾಯುವುದನ್ನೇ ಮರೆತಿದ್ದೀರಿ.

ಬಾಗಿಲು ತೆರೆಯುವ ಹೊತ್ತಿಗೆ ಆಪರೇಟರಿನ ಕೆಲಸ ಶುರು. ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಯ ಉರಿ ಒಂದಿಷ್ಟು ಇಳಿಸಿ ತೆರೆ ಮಬ್ಬು ಮಾಡಬೇಕು, ಸೌಂಡಿನ ತಿರುಪು ಸಣ್ಣಗೆ ಇಟ್ಟಿರಬೇಕು, ಕಿರುಚು ಬಂದ ಗಳಿಗೆಗೆ ಸರಿಯಾಗಿ ಪೂರ್ತಿ ತಿರುಗಿಸಬೇಕು. ಇದನ್ನು ಯಾವ ಕಂಪನಿಯೂ ಹೇಳಿಕೊಟ್ಟದ್ದಲ್ಲ, ನಾನೇ ಕಂಡುಕೊಂಡದ್ದು. ಸುತ್ತ ಹತ್ತು ಹಳ್ಳಿಯ ಜನ ಅದಕ್ಕೇ ಬರುತ್ತಿದ್ದರು.

ನೀನು ಕೇಳಿದ ಕೊನೆಯ ವಿಷಯ ನನಗೆ ನೆನಪಿಲ್ಲ. ಬಹಳ ವರ್ಷವಾಯಿತು. ನಿಮ್ಮಜ್ಜಿಗೆ ನನ್ನ ಸಲಾಮು ತಿಳಿಸು.

ಮಜೀದ್


ಮದ್ದೂರು
24 ಜೂನ್ 2025

ಮಜೀದ್ ತಾತನಿಗೆ ನಮಸ್ಕಾರ. (ಸಾಹೇಬರು ಅಂತ ಬರೆದರೆ ನಿಮ್ಮ ಜೊತೆ ಜಗಳ ಆಡಲು ಆಗುವುದಿಲ್ಲ. ಅದಕ್ಕೇ ತಾತ.)

ಹಲ್ಲಿನ ಡಾಕ್ಟರ ಮಾತಿಗೆ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಆದರೆ ಒಪ್ಪುವುದಿಲ್ಲ. ನಿಮ್ಮ ದೆವ್ವಗಳು ಬಿಳಿ ಸೀರೆ ಉಟ್ಟು, ಗೆಜ್ಜೆ ಕಟ್ಟಿ, ಹಾಡು ಬೇರೆ ಹೇಳಿಕೊಂಡು ಬರುತ್ತಿದ್ದವು. ಅದು ದೆವ್ವವೋ ಮದುವೆ ದಿಬ್ಬಣವೋ? ನಮ್ಮವು ಹೇಳದೆ ಕೇಳದೆ ಬರುತ್ತವೆ. ಬದುಕಿನಲ್ಲಿ ಕೆಟ್ಟದ್ದು ಹಾಗೇ ತಾನೇ ಬರುವುದು? ದಿನವಿಡೀ ಒಂದೇ ಥರದ ಡಬ್ಬಿ ನೋಡಿ ಮನಸ್ಸು ಜಡವಾದವಳಿಗೆ ಒಮ್ಮೆ ಎದೆ ಧಸಕ್ ಅಂದರೆ, ಇನ್ನೂ ಇದ್ದೇನೆ ಅನ್ನಿಸುತ್ತದೆ. ಅದು ನನಗೆ ಇಷ್ಟ. ನಾಚಿಕೆಯೇನಿಲ್ಲ.

ಜಗಳ ಇಲ್ಲಿಗೆ ಸಾಕು. ಜುಲೈ ಹದಿನಾರಕ್ಕೆ ಅಜ್ಜಿಯನ್ನು ಮಂಡ್ಯದಲ್ಲಿ ಡಾಕ್ಟರಿಗೆ ತೋರಿಸಲು ಅಪ್ಪ ಹೆಸರು ಬರೆಸಿದ್ದಾರೆ. ಅಜ್ಜಿ ಗಲಾಟೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. “ಅಂಗೇ ಇರ್ಬೈದು ಬುಡು. ಕಣ್ಣಲ್ಲಿ ನೋಡಿದ್ದೇ ಸುಳ್ಳು ಅಂದ್ಮೇಕೆ ನನ್ ಮಾತ್ಗೇನೈತೆ” ಅಂದು ಗೋಡೆಗೆ ಮುಖ ಮಾಡಿ ಮಲಗಿದಳು. ಎರಡು ದಿನದಿಂದ ಏನು ಕೇಳಿದರೂ “ನಂಗೇನ್ ಗೊತ್ತು” ಅನ್ನುತ್ತಾಳೆ. ಸಾರಿಗೆ ಉಪ್ಪು ಹಾಕಿದ್ದೀಯಾ ಅಂದರೂ ಅದೇ. ಕಾಯಿಲೆ ಇತ್ತೋ ಇಲ್ಲವೋ, ನಾವೇ ತರಿಸಿಬಿಟ್ಟೆವು ಅನ್ನಿಸುತ್ತಿದೆ. ನಾನೇ.

ತಾತ, ನಿಮಗೆ ಕಾರ್ಬನ್ ಕಡ್ಡಿಯ ಉರಿ ನೆನಪಿದೆ. ತಿರುಪು ಯಾವ ಗಳಿಗೆಗೆ ತಿರುಗಿಸಬೇಕು ಅಂತ ನೆನಪಿದೆ. ಸಿನಿಮಾದ ಕೊನೆ ಮಾತ್ರ ನೆನಪಿಲ್ಲವೇ? ನಂಬುವುದು ಕಷ್ಟ. ಜೋಗುಳದ ಒಂದೇ ಸಾಲು ಕೇಳಿ ಕತ್ತರಿಸಿದ ಹಾಗೆ ನಿಂತದ್ದನ್ನು ಅಜ್ಜಿ ಹೇಗೆ ಕಲ್ಪಿಸಿಕೊಳ್ಳುತ್ತಾಳೆ? ಕಲ್ಪನೆ ಮಾಡುವವರು ಪೂರ್ತಿ ಹಾಡನ್ನೇ ಕಲ್ಪಿಸುತ್ತಾರೆ.

ಬೇಸರ ಮಾಡಿಕೊಳ್ಳಬೇಡಿ. ಉತ್ತರಕ್ಕೆ ಕಾಯುತ್ತೇನೆ.

ಅರ್ಪಿತ


ಮಳವಳ್ಳಿ
8 ಜುಲೈ 2025

ಅರ್ಪಿತಮ್ಮ,

ನಿಮ್ಮಜ್ಜಿಗೆ ಯಾವ ಮರೆವೂ ಇಲ್ಲ. ಆಕೆ ನೋಡಿದ್ದು ನಿಜ. ಮಗು ನಕ್ಕದ್ದು ನಿಜ, ಜೋಗುಳ ಒಂದು ಸಾಲಿಗೆ ನಿಂತದ್ದೂ ನಿಜ. ಈ ಕಾಗದವನ್ನು ನಿಮ್ಮಪ್ಪನಿಗೆ ತೋರಿಸು. ಇಲ್ಲಿಂದ ಮುಂದಿನದು ನಿನಗೊಬ್ಬಳಿಗೇ. ಇದಕ್ಕೆ ಉತ್ತರವನ್ನು ಫೋನಿನಲ್ಲಿ ಕಳಿಸಬೇಡ, ಮನೆಯ ಫೋನು ಸೊಸೆ ಜಾಕಿಯಾಳ ಕೈಯಲ್ಲಿರುತ್ತದೆ. ನನ್ನ ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ನನ್ನ ಹೆಂಡತಿ ರಹಮತ್ ಬೀಗೆ ಕೂಡ ಹೇಳದೆ ಅವಳನ್ನು ಮಣ್ಣಿಗಿಟ್ಟು ಬಂದೆ.

ಆ ಸಿನಿಮಾ ಬಂದ ಮೂರನೇ ದಿನ, ಭಾನುವಾರ, ಮೊದಲ ಆಟ. ನೆಲದ ಮೇಲೂ ಜಾಗವಿಲ್ಲ. ಕೊನೆಯ ರೀಲು. ನಾನು ತಿರುಪು ಇಳಿಸಿ ಕಾದೆ. ಎರಡು ದಿನ ಜನ ಕಿರುಚಿದ್ದು ಸಾಲದು ಅನ್ನಿಸಿ, ಅವತ್ತು ಇನ್ನೂ ಒಂದು ಸುತ್ತು ಹೆಚ್ಚು ತಿರುಗಿಸಿದೆ. ಗುಡಾರವೇ ನಡುಗಿತು. ಆ ಕಿರುಚಿನ ಒಳಗೆ ಇನ್ನೊಂದು ಕಿರುಚು ಇತ್ತು. ಅದು ಸಿನಿಮಾದ್ದಲ್ಲ ಅಂತ ನನಗೆ ಗೊತ್ತಾಯಿತು. ಒಬ್ಬ ಗಂಡಸು “ಸಣ್ತಾಯಿ, ಸಣ್ತಾಯಿ” ಅಂತ ಕೂಗುತ್ತಿದ್ದ. ಕಿಂಡಿಯಿಂದ ನೋಡಿದೆ. ಹೆಂಗಸರ ಕಡೆಯಿಂದ ತುಂಬು ಬಸುರಿಯೊಬ್ಬಳನ್ನು ನಾಲ್ಕು ಜನ ಎತ್ತಿಕೊಂಡು ಹೋಗುತ್ತಿದ್ದರು. ತಲೆ ಜೋತಾಡುತ್ತಿತ್ತು.

ಮಾರನೆಯ ಬೆಳಗ್ಗೆ ವಿಚಾರಿಸಿದೆ. ಹೆಸರು ಸಣ್ಣತಾಯಮ್ಮ. ಗಂಡನ ಊರು ದುದ್ದ, ಹೆರಿಗೆಗೆ ಅಣ್ಣನ ಮನೆಗೆ ಬಂದವಳು. ಅಷ್ಟೇ ಕೇಳಿದೆ. ಮಗು ಏನಾಯಿತು ಅಂತ ಕೇಳದೆ ಬಂದುಬಿಟ್ಟೆ. ಹತ್ತನೇ ದಿನ ಧೈರ್ಯ ಮಾಡಿ ಅವರ ಬೀದಿಗೆ ಹೋದೆ. ಮನೆಗೆ ಬೀಗ. ಹೆತ್ತ ಹತ್ತು ದಿನಕ್ಕೆ ಬಾಣಂತಿ ಇರುವ ಮನೆಗೆ ಯಾರಾದರೂ ಬೀಗ ಹಾಕುತ್ತಾರೆಯೇ? ಅಲ್ಲಿಂದಲೇ ಹಿಂತಿರುಗಿದೆ. ಮತ್ತೆ ಆ ಬೀದಿಯನ್ನು ತುಳಿದಿಲ್ಲ.

ಸಿನಿಮಾಕ್ಕೆ ಏನು ಮಾಡಿದೆ ಅಂತ ಹೇಳುತ್ತೇನೆ. ಸೋಮವಾರ ಬೆಳಗ್ಗೆಯೇ ಕೊನೆಯ ರೀಲಿನಿಂದ ಕೈ ಬರುವಲ್ಲಿಂದ ಬರಿದಾದ ತೊಟ್ಟಿಲಿನವರೆಗೆ ಕತ್ತರಿಸಿ ತೆಗೆದೆ. ಇಪ್ಪತ್ತೇಳು ಅಡಿ. ತೆರೆಯ ಮೇಲೆ ಹದಿನೆಂಟು ಸೆಕೆಂಡು. ಆ ಜಾಗಕ್ಕೆ ಮೂರನೇ ರೀಲಿನ ನಾಮಕರಣದ ಜೋಗುಳದಿಂದ ಮಗು ನಗುವ ತುಂಡೊಂದನ್ನು ತೆಗೆದು, ಬ್ಲೇಡಿನಲ್ಲಿ ಅಂಚು ಕೆರೆದು, ಫಿಲ್ಮ್ ಸಿಮೆಂಟು ಅನ್ನುವ ಅಂಟು ಹಚ್ಚಿ ಜೋಡಿಸಿದೆ. ಫಿಲ್ಮಿನ ಪಕ್ಕದಲ್ಲೇ ಸೌಂಡೂ ಇರುತ್ತದೆ. ಹಾಗಾಗಿ ಮಗುವಿನ ಜೊತೆ ಹಾಡಿನ ಚೂರೂ ಬಂತು. ಉಳಿದ ಒಂಬತ್ತು ದಿನ ಮಳವಳ್ಳಿಯ ಜನ ನೋಡಿದ್ದು ಅದನ್ನೇ. ಯಾರೂ ಕೇಳಲಿಲ್ಲ. ಚೆನ್ನಾಗಿದೆ ಅಂದರು.

ಒಂದು ಮಗುವನ್ನು ಕೊಂದವನು ಇನ್ನೊಂದನ್ನು ಬದುಕಿಸಿ ತನ್ನನ್ನು ಸಮಾಧಾನ ಮಾಡಿಕೊಂಡ. ಇಷ್ಟೇ ಕಥೆ. ಅಲ್ಲಿಂದಾಚೆ ದೆವ್ವದ ಸಿನಿಮಾ ಬಂದರೆ ಜ್ವರ ಅಂತ ರಜೆ ಹಾಕುತ್ತಿದ್ದೆ. ಕಿವಿ ಮಂದವಾದಾಗ, ಸರಿಯಾಗಿಯೇ ಆಯಿತು ಅಂದುಕೊಂಡೆ.

ಆಕೆಯನ್ನು ಹುಡುಕಬೇಡ. ಇದು ನನ್ನ ಮಾತು.

ಮಜೀದ್


ಮದ್ದೂರು
14 ಜುಲೈ 2025

ತಾತ,

ಮೊದಲ ನಾಲ್ಕು ಸಾಲು ಮಾತ್ರ ಕಾಣುವ ಹಾಗೆ ಕಾಗದ ಮಡಿಸಿ ಅಪ್ಪನಿಗೆ ತೋರಿಸಿದೆ. ಅಪ್ಪ ಎರಡು ಸಲ ಓದಿದರು. ಆಮೇಲೆ ಅಜ್ಜಿಯ ಮುಂದೆ ಗಟ್ಟಿಯಾಗಿ ಓದಿದರು. ಅಜ್ಜಿ ಎದ್ದು ಕೂತಳು. ಸೆರಗು ಸರಿಮಾಡಿಕೊಂಡು “ಎಲ್ಲಿ, ಇನ್ನೊಂದಪ ಓದ್ಲಾ ನಾಗ್ರಾಜ” ಅಂದಳು. ಮೂರು ಸಲ ಓದಿಸಿದಳು. ಸಂಜೆ ಪಕ್ಕದ ಮನೆ ನಾಗಮಣಿಯಕ್ಕನನ್ನು ಕರೆದು ಮತ್ತೊಮ್ಮೆ. ಈಗ ಸಾರಿನ ಉಪ್ಪು, ಹಾಲಿನ ಪಾತ್ರೆ, ಬೀಗದ ಕೈ ಎಲ್ಲವೂ ಅವಳ ವಶ. ಡಾಕ್ಟರಿಗೆ ತೋರಿಸುವುದು ರದ್ದಾಗಿಲ್ಲ, ಆದರೆ “ಬಿಪಿ ನೋಡ್ಸಕೆ ಬತ್ತೀನಿ, ಉಚ್ಚು ನೋಡ್ಸಕಲ್ಲ” ಅಂತ ಕರಾರು ಹಾಕಿದ್ದಾಳೆ. ನನ್ನ ಜೊತೆ ಮಾತು ಶುರುವಾಗಿದೆ, ಅದೂ ಬೈಗುಳದಿಂದ. ನನಗೆ ಎಷ್ಟು ಹಗುರವಾಯಿತು ಅಂತ ಬರೆಯಲು ಬರುವುದಿಲ್ಲ.

ಉಳಿದದ್ದನ್ನು ನಾನೊಬ್ಬಳೇ ಓದಿದೆ. ಬಸ್ಸಿನಲ್ಲಿ ಓದಿದೆ. ಸೋಮನಹಳ್ಳಿ ದಾಟಿ ಎರಡು ಸ್ಟಾಪು ಮುಂದೆ ಹೋಗಿ ಇಳಿದೆ.

ನೀವು ಬೇಡ ಅಂದಿದ್ದೀರಿ. ಸರಿ, ಹುಡುಕುವುದಿಲ್ಲ.

ಅರ್ಪಿತ


ದುದ್ದ
3 ಆಗಸ್ಟ್ 2025
(ಪೋಸ್ಟ್ ಕಾರ್ಡು)

ತಾತ, ಮಾತು ತಪ್ಪಿದೆ. ದುದ್ದಕ್ಕೆ ಬಂದಿದ್ದೇನೆ. ಸಣ್ಣತಾಯಮ್ಮ ಸಿಕ್ಕಿದರು. ಎಲ್ಲ ಕೇಳಿದೆ. ಇದು ಕಾರ್ಡಿನಲ್ಲಿ ಹಿಡಿಸುವ ವಿಷಯವಲ್ಲ. ಈ ವಾರವೆಲ್ಲ ಡಬಲ್ ಡ್ಯೂಟಿ, ಮುಂದಿನ ಭಾನುವಾರ ಕೂತು ಪೂರ್ತಿ ಬರೆಯುತ್ತೇನೆ. ಅಲ್ಲಿಯವರೆಗೆ ನಿಮ್ಮ ಮುಚ್ಚಿದ ಬಾಗಿಲನ್ನು ನೋಡುತ್ತಾ ಕಾಯಿರಿ. — ಅ


ಮಳವಳ್ಳಿ
7 ಆಗಸ್ಟ್ 2025

ಅರ್ಪಿತ,

ಕಾರ್ಡು ಇವತ್ತು ಬೆಳಗ್ಗೆ ಬಂತು. ಜಾಕಿಯಾ ತಂದುಕೊಟ್ಟಳು. ಓದಿರಲಿಕ್ಕಿಲ್ಲ. ಓದಿದ್ದರೂ ಆಗಲಿ.

ಸಣ್ಣತಾಯಮ್ಮ ಇದ್ದಾಳೆ ಅಂದರೆ ಅಲ್ಲಾಹನ ದಯೆ. ಆದರೆ ಮಗುವಿನ ಸುದ್ದಿ ನೀನು ಬರೆದಿಲ್ಲ. ಬದುಕಿದ್ದರೆ ಎರಡು ಅಕ್ಷರ ಸಾಕಾಗುತ್ತಿತ್ತು, ಕಾರ್ಡಿನಲ್ಲಿ ಅಷ್ಟು ಜಾಗವಿತ್ತು. ಕಾರ್ಡಿನಲ್ಲಿ ಹಿಡಿಸದ್ದು ಏನು ಅಂತ ನನಗೆ ಅರ್ಥವಾಗುತ್ತದೆ.

ಮಧ್ಯಾಹ್ನ ಊಟಕ್ಕೆ ಕೂತು ಎದ್ದೆ. ನಾಸಿರ್ ಏನೋ ಕೇಳುತ್ತಿದ್ದಾನೆ, ತುಟಿ ಮಾತ್ರ ಕಾಣುತ್ತಿದೆ. ನಿನ್ನ ಮೇಲೆ ಸಿಟ್ಟಿಲ್ಲ. ಬೇಡ ಅಂದದ್ದು ನಾನು, ಒಳಗೊಳಗೆ ಹೋಗಲಿ ಅಂತ ಬಯಸಿದ್ದೂ ನಾನೇ. ಈಗ ಭಾನುವಾರದವರೆಗೆ ಕಾಯಿಸಬೇಡ. ಕೆಟ್ಟದ್ದೇ ಆಗಿದ್ದರೂ ನೇರವಾಗಿ ಬರೆ. ನನಗೆ ಎಪ್ಪತ್ತನಾಲ್ಕು. ಬಾಗಿಲು ನೋಡುತ್ತಾ ಕೂರುವ ವಯಸ್ಸಲ್ಲ.

ಆಕೆ ನನ್ನನ್ನು ಶಪಿಸಿದಳೇ? ಅದನ್ನೂ ಬರೆ.

ಮಜೀದ್


ಮದ್ದೂರು
9 ಆಗಸ್ಟ್ 2025
(ಸ್ಪೀಡ್ ಪೋಸ್ಟ್)

ತಾತ,

ಮಗು ಬದುಕಿದೆ. ಮಗು ಬದುಕಿದೆ. ಮಗು ಬದುಕಿದೆ. ಹೆಸರು ಶಿವರಾಮು, ವಯಸ್ಸು ಮೂವತ್ತೇಳು, ದೊಡ್ಡ ಮೀಸೆ, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಓಡಿಸುತ್ತಾನೆ. ಮೊದಲು ಒಂದು ಲೋಟ ನೀರು ಕುಡಿಯಿರಿ, ಆಮೇಲೆ ಮುಂದೆ ಓದಿ.

ನಿಮ್ಮ ಕಾಗದ ನೋಡಿ ಅತ್ತುಬಿಟ್ಟೆ. ಕಾರ್ಡು ಬರೆಯುವಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಸ್ವಲ್ಪ ಕಾಯಿಸಿ ಒಮ್ಮೆಲೇ ಹೇಳೋಣ, ನಿಮ್ಮ ಪಾಠವನ್ನು ನಿಮಗೇ ಒಪ್ಪಿಸೋಣ ಅಂತ ತಮಾಷೆ ಹೊಳೆಯಿತು. ಬಾಗಿಲಿನ ಆಚೆ ನೀವು ಏನು ಕಟ್ಟಿಕೊಳ್ಳುತ್ತೀರಿ ಅಂತ ಯೋಚಿಸಲೇ ಇಲ್ಲ. ಹೇಳದೆ ಕೇಳದೆ ಬರುವ ದೆವ್ವವೇ ವಾಸಿ ತಾತ. ಇನ್ನು ಮುಂದೆ ನಾನು ಯಾರನ್ನೂ ಹೀಗೆ ಕಾಯಿಸುವುದಿಲ್ಲ. ಕ್ಷಮಿಸಿ.

ಈಗ ನಡೆದದ್ದು. ದುದ್ದದಲ್ಲಿ ಬಸ್ಸಿಳಿದು ಹಾಲಿನ ಡೈರಿಯ ಮುಂದೆ ಕೂತಿದ್ದವರನ್ನು ಕೇಳಿದೆ. ಮಳವಳ್ಳಿ ಕಡೆಯಿಂದ ಬಂದ ಸೊಸೆ, ಸಣ್ಣತಾಯಮ್ಮ ಅಂತ. ಅವರು ನಕ್ಕು, “ಓ, ಸಿನ್ಮಾ ತಾಯಮ್ಮನಾ? ಟಾಕೀಸ್ ಶಿವ್ರಾಮು ಅವ್ವ? ಆ ನೀಲಿ ಬಾಗ್ಲು ಮನೆ ನೋಡು” ಅಂದರು. ತಾತ, ನೀವು ಮೂವತ್ತೇಳು ವರ್ಷ ಮುಚ್ಚಿಟ್ಟದ್ದು ಆ ಊರಿನ ಎಮ್ಮೆಗಳಿಗೂ ಗೊತ್ತು.

ಸಣ್ಣತಾಯಮ್ಮ ಜಗಲಿಯಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದರು. ಮಳವಳ್ಳಿ ಟಾಕೀಸು ಅಂದ ಕೂಡಲೇ ಮೊರ ಪಕ್ಕಕ್ಕಿಟ್ಟರು. ಅವರು ಹೇಳಿದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡೆ. ಒಂದಕ್ಷರ ಬಿಡದೆ ಬರೆಯುತ್ತೇನೆ.

“ಅವತ್ತು ಮಧ್ಯಾನ್ದಿಂದ್ಲೇ ನೋವು ಸುರುವಾಗಿತ್ತು ಕಣವ್ವ. ನಾ ಯಾರ್ಗೂ ಯೋಳ್ನಿಲ್ಲ. ಯೋಳುದ್ರೆ ಸಿನ್ಮಾಕ್ಕೆ ಕಳುಸ್ತಿದ್ರಾ? ಮಗ ಆದ್ಮೇಕೆ ಆರ್ ತಿಂಗ್ಳು ಒಸ್ಲು ದಾಟಂಗಿಲ್ಲ. ದೆವ್ವದ್ ಸಿನ್ಮಾ ಅಂದ್ರೆ ನಂಗೆ ಪ್ರಾಣ. ಸೆರ್ಗು ಬಾಯ್ಗೆ ತುರುಕ್ಕಂಡು ಕುಂತಿದ್ದೆ. ಕಡೇಲಿ ತಡೀನಾರ್ದೆ ಓಯ್ತು. ಕಿರುಚ್ಬೇಕು, ಕಿರುಚುದ್ರೆ ಅಣ್ಣಂಗೆ ಗೊತ್ತಾಯ್ತದೆ. ಅಷ್ಟೊತ್ಗೆ ಆ ಆಪ್ರೇಟ್ರು ಪುಣ್ಯಾತ್ಮ ಸೌಂಡು ಕೊಟ್ಟ ನೋಡು! ಇಡೀ ಟೆಂಟೇ ಕಿರುಚ್ತು. ನಾನೂ ಒಟ್ಟೆ ತುಂಬ ಕಿರುಚ್ದೆ. ಆಯಪ್ಪ ಅಷ್ಟು ಸೌಂಡ್ ಕೊಡ್ದೆ ಓಗಿದ್ರೆ ನಾ ಉಸ್ರು ಕಟ್ಕಂಡು ಅಲ್ಲೇ ಸತ್ತೋಯ್ತಿದ್ದೆ. ಆಮೇಕೆ ಎಚ್ರ ತಪ್ಪೋಯ್ತು. ಗಾಡೀಲಿ ಆಸ್ಪತ್ರೆ ಗೇಟ್ ತಾವ್ಲೇ ಮಗ ಆಯ್ತು.”

ಅವರಣ್ಣನ ಮನೆಯ ಬೀಗದ ಬಗ್ಗೆ ಕೇಳಿದೆ. ಗಂಡುಮಗು ಅಂತ ತಿಳಿದು ಅತ್ತೆ ಹಟ ಹಿಡಿದು ಎಂಟನೇ ದಿನಕ್ಕೇ ಹಸಿ ಬಾಣಂತಿಯನ್ನು ದುದ್ದಕ್ಕೆ ಕರೆಸಿಕೊಂಡರಂತೆ. ಅಣ್ಣ ಅತ್ತಿಗೆ ಎಲ್ಲ ಜೊತೆಗೆ ಬಂದಿದ್ದರು, ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ. ನೀವು ಬೀಗ ನೋಡಿ ಹಿಂತಿರುಗಿದಾಗ ಅವರು ದುದ್ದದಲ್ಲಿ ಪಾಯಸ ಉಣ್ಣುತ್ತಿದ್ದರು.

ಅವರು ನಿಮ್ಮನ್ನು ಶಪಿಸಲಿಲ್ಲ. ಒಂದು ದೂರು ಮಾತ್ರ ಇದೆ. “ಕೊನೇದು ನೋಡಕಾಗ್ನಿಲ್ಲ. ಆ ತೊಟ್ಲಲ್ಲಿ ಏನಾಯ್ತು ಅಂತ ಇವತ್ತಿಗೂ ಗೊತ್ತಿಲ್ಲ” ಅಂದರು. ಮೊಬೈಲಿನಲ್ಲಿ ತೋರಿಸುತ್ತೇನೆ ಅಂದೆ. ಆಗ ನೀವು ಕತ್ತರಿಸಿದ ಕಥೆ ಹೇಳಿಬಿಟ್ಟೆ. (ಅದನ್ನೂ ಕ್ಷಮಿಸಿ.) ಅವರು ನನ್ನ ಮೊಬೈಲನ್ನು ಹಿಂದಕ್ಕೆ ತಳ್ಳಿ, “ಬ್ಯಾಡ. ನಾ ಆಯಪ್ಪನ್ ತಾವ್ಕೇ ಓಯ್ತೀನಿ” ಅಂದರು.

ಆ ಇಪ್ಪತ್ತೇಳು ಅಡಿ ಇನ್ನೂ ನಿಮ್ಮ ಹತ್ತಿರ ಇದೆಯಾ? ಇದೆ ಅಂತ ನನಗೆ ಅನ್ನಿಸುತ್ತದೆ. ಇಪ್ಪತ್ತನಾಲ್ಕನೇ ತಾರೀಕು ಭಾನುವಾರ ತಾಯಿ ಮಗ ಇಬ್ಬರೂ ಬರುತ್ತಾರೆ. ನನಗೆ ಅವತ್ತೂ ಡ್ಯೂಟಿ. ನೀವೇ ಬರೆದು ತಿಳಿಸಬೇಕು, ಒಂದನ್ನೂ ಬಚ್ಚಿಡದೆ.

ನಿಮ್ಮ
ಅರ್ಪಿತ


ಮಳವಳ್ಳಿ
25 ಆಗಸ್ಟ್ 2025

ಮಗಳೇ ಅರ್ಪಿತ,

ನಿನ್ನ ಸ್ಪೀಡ್ ಪೋಸ್ಟಿನ ಮೊದಲ ಸಾಲನ್ನು ಗ್ಯಾರೇಜಿನ ಬಾಗಿಲಲ್ಲೇ ಓದಿದೆ. ಆಮೇಲೆ ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕೂತುಬಿಟ್ಟೆ. ನಾಸಿರ್ ಹೆದರಿ ಸ್ಪ್ಯಾನರು ಎಸೆದು ಓಡಿ ಬಂದ. ಅವನ ಕೈಗೆ ಕಾಗದ ಕೊಟ್ಟೆ. ಜಾಕಿಯಾಳನ್ನೂ ಕರೆದೆ. ಎಲ್ಲ ಹೇಳಿದೆ. ಜಾಕಿಯಾ ಅಷ್ಟೂ ಕೇಳಿ, ಒಂದು ಚೀಟಿಯಲ್ಲಿ ಬರೆದು ನನ್ನ ಮುಂದೆ ಹಿಡಿದಳು: “ಇಷ್ಟು ದಿನ ಯಾಕೆ ಹೇಳಲಿಲ್ಲ ಮಾಮ? ನಾನೇ ಹೋಗಿ ಕೇಳಿಕೊಂಡು ಬರುತ್ತಿದ್ದೆ.” ಎರಡು ಗಂಟೆಯ ಬಸ್ ದಾರಿ. ಮೂವತ್ತೇಳು ವರ್ಷ ನಾನು ಬಸ್ಸು ಹತ್ತಲಿಲ್ಲ.

ನಿನ್ನೆ ಹತ್ತು ಗಂಟೆಗೆ ಬಂದರು. ಸಣ್ಣತಾಯಮ್ಮ ಜರಿ ಸೀರೆ ಉಟ್ಟಿದ್ದಳು, ಸಿನಿಮಾಕ್ಕೆ ಬಂದವಳ ಹಾಗೇ. ಹಿಂದೆ ಮಗ, ಬಾಗಿಲು ತುಂಬುವ ಆಳು. ನಾನು ಅವನನ್ನು ನೋಡುತ್ತಾ ನಿಂತೆ. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಆತ ನಾಚಿಕೊಂಡು ಮೀಸೆ ನೀವಿಕೊಂಡ. ಅವನ ತಲೆಯ ಮೇಲೆ ಕೈ ಇಡಬೇಕು ಅನ್ನಿಸಿತು, ನನ್ನ ಕೈ ಎಟುಕಲಿಲ್ಲ. ಅವನೇ ಬಗ್ಗಿದ.

ಇಪ್ಪತ್ತೇಳು ಅಡಿ ಇದೆ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ನನ್ನ ಬಟ್ಟೆಗಳ ಅಡಿಯಲ್ಲಿ ಇತ್ತು. ಬಣ್ಣವೆಲ್ಲ ಹೋಗಿ ಕೆಂಪಗಾಗಿದೆ, ಹುಳಿ ವಾಸನೆ. ಅಂಗಳದ ಬಿಸಿಲಿಗೆ ಹಿಡಿದು, ಭೂತಗನ್ನಡಿ ಕೊಟ್ಟು, ಒಂದೊಂದೇ ಅಡಿ ಆಕೆಯ ಕಣ್ಣ ಮುಂದೆ ಎಳೆದೆ. ಕೈ ಬರುವಲ್ಲಿಂದ ಶುರು. ನಡುವೆ ತಿರುಗಿ ನೋಡಿದರೆ ಶಿವರಾಮು ಇಲ್ಲ. ಬೀದಿಯಲ್ಲಿ ಲಾರಿಯ ಟೈರು ಒದೆಯುತ್ತಾ ನಿಂತಿದ್ದ. ದೆವ್ವದ ಸಿನಿಮಾ ಅಂದರೆ ಅವನಿಗೆ ಆಗುವುದಿಲ್ಲವಂತೆ. ಹುಟ್ಟಿದಾಗಿನಿಂದ ಹಾಗೇ ಅಂತೆ. ಇದನ್ನು ಆಕೆ ಆಲಿಯಾಳಿಗೆ ಹೇಳಿ, ಆಲಿಯಾ ನನಗೆ ಬರೆದು ತೋರಿಸಿದಳು. ಆಲಿಯಾ ನಕ್ಕು ನಕ್ಕು ಅಕ್ಷರವೇ ಸರಿಯಾಗಿ ಬಂದಿರಲಿಲ್ಲ.

ಕೊನೆಯ ಅಡಿಯಲ್ಲಿ ಬರಿದಾದ ತೊಟ್ಟಿಲು. ಸಣ್ಣತಾಯಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಮೊದಲು “ಇಷ್ಟೇಯಾ?” ಅನ್ನುವ ಹಾಗೆ ನನ್ನ ಮುಖ ನೋಡಿ ನಕ್ಕಳು. ಮತ್ತೆ ಗಾಜು ಹಿಡಿದು ನೋಡಿದಳು. ನಗು ನಿಂತಿತು. ಬೀದಿಯ ಕಡೆ ತಿರುಗಿ ಮಗನನ್ನು ನೋಡಿದಳು. ಆಮೇಲೆ ನನಗೆ ಏನೋ ಹೇಳತೊಡಗಿದಳು. ತುಟಿ ಆಡುತ್ತಿದೆ, ಕಣ್ಣು ಒದ್ದೆಯಾಗಿದೆ, ನನಗೆ ಒಂದಕ್ಷರವೂ ಕೇಳಿಸುತ್ತಿಲ್ಲ. ಆಲಿಯಾ ಬರೆಯಲು ಹೋದಳು. ಬೇಡ ಅಂತ ಕೈ ತೋರಿಸಿ ಒಳಗೆ ಹೋದೆ.

ನಿನಗೆ ಒಂದು ಸುಳ್ಳು ಹೇಳಿದ್ದೆ. ಕಿವಿ ಮಿಷಿನ್ನು ಕುಯ್ಯೋ ಅನ್ನುತ್ತದೆ ಅಂದಿದ್ದೆನಲ್ಲ, ನಾನು ಅದನ್ನು ಒಂದು ಸಲವೂ ಹಾಕಿ ನೋಡಿರಲಿಲ್ಲ. ಕೇಳಿಸದೇ ಇರುವುದು ನನ್ನ ಪಾಲಿನ ಶಿಕ್ಷೆ, ಅದನ್ನು ತಪ್ಪಿಸಿಕೊಳ್ಳಬಾರದು ಅಂತ ಇದ್ದೆ. ನಿನ್ನೆ ಡಬ್ಬಿ ತೆಗೆದೆ. ಜಾಕಿಯಾ ಬಂದು ಕಿವಿಗೆ ಸಿಕ್ಕಿಸಿ ಗುಂಡಿ ಒತ್ತಿದಳು.

ಹೊರಗೆ ಬಂದೆ. ಸಣ್ಣತಾಯಮ್ಮ ಮತ್ತೊಮ್ಮೆ ಹೇಳಿದಳು: “ಒಳ್ಳೇದೇ ಮಾಡುದ್ರಿ ಬುಡಿ ಸಾಬ್ರೆ. ಬರಿದ್ ತೊಟ್ಲ ಯಾರ್ಗೂ ತೋರುಸ್ಬಾರ್ದು.” ಕೇಳಿಸಿತು.

ಆ ಭಾನುವಾರ ಹುಟ್ಟಿದ ಮಗುವಿನ ಅಳು ನನ್ನ ಕಿವಿಗೆ ಬೀಳಲಿಲ್ಲ. ಅದರ ಧ್ವನಿ ಹೇಗಿರಬಹುದು ಅಂತ ಎಷ್ಟೋ ವರ್ಷ ಯೋಚಿಸಿದ್ದೆ. ನಿನ್ನೆ ಬಾಗಿಲಿನ ಹತ್ತಿರದಿಂದ ಕೇಳಿಸಿತು. ಒರಟು ಗಂಟಲು. “ಎಲ್ಲ ಮುಗೀತಾ? ಮುಗುದ್ರೆ ಇನ್ನೊಂದ್ ಲೋಟ ಟೀ ಸಿಕ್ಕದಾ ಅಕ್ಕ?”

ಜಾಕಿಯಾ ಕೊಟ್ಟಳು. ಎರಡು ಲೋಟ ಕುಡಿದ. ನಾನು ಪಕ್ಕದಲ್ಲಿ ಕೂತು ಅವನು ಸೊರ್ ಅಂತ ಹೀರುವುದನ್ನೂ ಕೇಳಿಸಿಕೊಂಡೆ.

ಮಂಗಳಮ್ಮನವರನ್ನು ಕರೆದುಕೊಂಡು ಒಂದು ದಿನ ಬಾ. ನಿನ್ನ ಕೊರಿಯಾದ ದೆವ್ವವನ್ನೂ ತಾ, ನೋಡೋಣ ಅದರ ಹಲ್ಲು. ತಿರುಪು ಮಾತ್ರ ನನ್ನ ಕೈಯಲ್ಲಿರಲಿ.

ಬರುವ ದಿನ ತಿಳಿಸಲು ಕಾಗದ ಬೇಡ, ಮೂರು ದಿನ ಯಾರು ಕಾಯುತ್ತಾರೆ? ಫೋನ್ ಮಾಡು. ನಾನೇ ಎತ್ತುತ್ತೇನೆ.

ನಿನ್ನ ತಾತ,
ಮಜೀದ್